ಟೂಸಾನ್‌ಗೆ ಹೊರಟಿದ್ದೇವೆ, ಊಟಕ್ಕೇನು ಮಾಡೋದು?

ಪ್ರಶ್ನೆ: ಮಗನ ಪದವಿ ಪ್ರದಾನಕ್ಕೆ ಮೇ ಮಧ್ಯದಲ್ಲಿ ಅಮೆರಿಕದ ಅರಿಜೋನಾದಲ್ಲಿರುವ ಟೂಸಾನ್‌ಗೆ ಹೋಗುತ್ತಿದ್ದೇವೆ. ನಾಲ್ಕು ದಿನ ಇರುತ್ತೇವೆ. ಇಬ್ಬರೂ ಸಸ್ಯಾಹಾರಿಗಳು. ಆ ಮರುಭೂಮಿ ಊರಲ್ಲಿ ಏನು ತಿನ್ನೋದು, ಎಲ್ಲಿ ಉಳಿಯೋದು, ಏನು ನೋಡೋದು?
– ಓದುಗರೊಬ್ಬರು, ಹಾಸನ

ಉತ್ತರ: ಒಳ್ಳೇ ಕಾಲಕ್ಕೇ ಹೊರಟಿದ್ದೀರಿ. ಬಿಸಿಲು ಜಾಸ್ತಿ, ನಿಜ. ಆದರೆ ಸವಾರೊ ಕಳ್ಳಿ ಹೂ ಬಿಡುವುದೂ ಆಗಲೇ. ನಾನು ಆ ಊರಲ್ಲಿ ಆರು ವರ್ಷ ಇದ್ದೆ. ಪ್ರತಿ ಮೇ ತಿಂಗಳೂ ಬೆಳಗ್ಗೆ ಆರಕ್ಕೆಲ್ಲ ಸವಾರೊ ರಾಷ್ಟ್ರೀಯ ಉದ್ಯಾನದ ಪಶ್ಚಿಮ ಭಾಗಕ್ಕೆ ಹೋಗುತ್ತಿದ್ದೆ. 30–40 ಅಡಿ ಎತ್ತರದ ಕಳ್ಳಿಯ ನೆತ್ತಿಯಲ್ಲಿ ಬಿಳಿ ಹೂಗಳ ಗೊಂಚಲು. ಕೆಳಕ್ಕೆ ಬಾಗಿದ ತೋಳೊಂದನ್ನು ಹುಡುಕಿ, ಹೂ ಕಣ್ಣೆದುರೇ ಸಿಗುತ್ತದೆ. ಮೇಣ ಸವರಿದಂಥ ದಪ್ಪ ಎಸಳು, ನಡುವೆ ಹಳದಿ ಕೇಸರ, ಅದರಲ್ಲಿ ಮುಳುಗಿಹೋದ ಜೇನುಹುಳ. ರಾತ್ರಿ ಅರಳಿದ್ದು ಮರುದಿನ ಮಧ್ಯಾಹ್ನಕ್ಕೆ ಮುಚ್ಚಿಕೊಳ್ಳುತ್ತದೆ. ನಮ್ಮ ಮನೆಗಳ ಬ್ರಹ್ಮಕಮಲವೂ ಕಳ್ಳಿ ಜಾತಿಯದ್ದೇ ಅಲ್ವಾ? ಹತ್ತಿರದಲ್ಲೇ ಇರುವ ಡೆಸರ್ಟ್ ಮ್ಯೂಸಿಯಂ (ಮರುಭೂಮಿಯ ಗಿಡ, ಪ್ರಾಣಿಗಳ ತೋಟ) ಕೂಡ ಅದೇ ಬೆಳಗ್ಗೆ ನೋಡಿ, ಬಿಸಿಲೇರುವ ಮುಂಚೆ ವಾಪಸ್ ಬನ್ನಿ.

ಊಟದ ಚಿಂತೆ ಬೇಡ. ಯುನೆಸ್ಕೊ 2015ರಲ್ಲಿ ಆಹಾರ ಪರಂಪರೆಗಾಗಿಯೇ ಗುರುತಿಸಿದ ಊರು ಇದು. ಇಂಡಿಯನ್ ಹೋಟೆಲ್ ಹುಡುಕುತ್ತಾ ಸುಮ್ನೆ ಹೊತ್ತು ಕಳೆಯಬೇಡಿ. ಅಲ್ಲಿಯ ರೊಟ್ಟಿಯ ಹೆಸರು ಟೋರ್ಟಿಯಾ. ಗಡಿಯಾಚೆಯ ಮೆಕ್ಸಿಕೊದ ಸೊನೋರಾ ಕಡೆಯ ಟೋರ್ಟಿಯಾ ಗೋಧಿಯದ್ದು. ದೊಡ್ಡದನ್ನು ಕೈಮೇಲೆ ಹಿಗ್ಗಿಸಿ ಹಿಗ್ಗಿಸಿ ಮಾಡುತ್ತಾರೆ, ಥೇಟ್ ಬೆಳಗಾವಿ ಮಂಡಿಗೆಯ ಹಾಗೆ. ಆದರೆ ಒಂದು ಮಾತು. ಟೋರ್ಟಿಯಾಗೂ ಬೀನ್ಸ್‌ಗೂ ಹಂದಿಕೊಬ್ಬು ಹಾಕುವ ರೂಢಿ ಇದೆ. ನಾನು ಮೊದಲ ತಿಂಗಳು ತಿಳಿಯದೆ ತಿಂದು, ಆಮೇಲೆ ತುಂಬ ನೊಂದುಕೊಂಡೆ. ಸ್ಪ್ಯಾನಿಷ್‌ನಲ್ಲಿ ‘ಸಿನ್ ಮಾಂತೇಕಾ?’ ಎಂದು ಕೇಳಿ. ಹಂದಿಕೊಬ್ಬು ಇಲ್ಲದ್ದಾ ಅಂತ ಅರ್ಥ. ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಟೋರ್ಟಿಯಾ ಮೇಲೆ ಚೀಸ್ ಹರಡಿ ಗರಿಗರಿ ಮಾಡಿದ್ದೇ ಚೀಸ್ ಕ್ರಿಸ್ಪ್. ಸುಟ್ಟ ಹಸಿಮೆಣಸಿನಕಾಯಿ ಹಾಕಿದ್ದನ್ನು ತಿನ್ನಲೇಬೇಕು.

ಕೊಳ್ಳೋದಾದರೆ ಟೆಪರಿ ಬೀನ್ಸ್. ಅಲ್ಲಿಯ ಮೂಲನಿವಾಸಿಗಳಾದ ತೊಹೊನೊ ಓಡಮ್ ಜನ ತಲೆಮಾರುಗಳಿಂದ ಕಡಿಮೆ ನೀರಲ್ಲಿ ಬೆಳೆದ ಪುಟ್ಟ ಕಾಳು. ನೇಟಿವ್ ಸೀಡ್ಸ್ ಸರ್ಚ್ ಎಂಬ ಸಂಸ್ಥೆ 1983ರಿಂದ ಇಂಥ ಬೀಜಗಳನ್ನು ಉಳಿಸುತ್ತಿದೆ. ಮೆಸ್ಕೀಟ್ ಹಿಟ್ಟನ್ನೂ ತೊಗೊಳ್ಳಿ. ಅದು ನಮ್ಮ ಬಳ್ಳಾರಿ ಜಾಲಿಯ ದಾಯಾದಿ ಮರದ ಕಾಯಿಯ ಹಿಟ್ಟು, ತಾನೇ ಸಿಹಿ. ಕಾಳನ್ನು ಊರಿಗೆ ತರುವ ಯೋಚನೆ ಬಿಡಿ, ವಿಮಾನ ನಿಲ್ದಾಣದಲ್ಲಿ ತೊಂದರೆ. ರಾತ್ರಿಯಿಡೀ ನೆನೆಸಿ, ಮಗನ ಕುಕ್ಕರಿನಲ್ಲೇ ಹುಳಿ ಮಾಡಿ. ಸಾರಿನಪುಡಿ ನೀವು ಒಯ್ದಿರುತ್ತೀರಲ್ಲ!

ಒಂದು ಸಂಜೆ ಊರ ದಕ್ಷಿಣದ ಸ್ಯಾನ್ ಹಾವಿಯರ್ ಚರ್ಚಿಗೆ ಹೋಗಿ. 1797ರಲ್ಲಿ ಕಟ್ಟಿ ಮುಗಿಸಿದ ಬೆಳ್ಳನೆಯ ಚರ್ಚು, ಒಂದು ಗೋಪುರ ಮಾತ್ರ ಇವತ್ತಿಗೂ ಅರ್ಧಕ್ಕೇ ನಿಂತಿದೆ.

ಉಳಿಯಲು ವಿಶ್ವವಿದ್ಯಾಲಯ ಅಥವಾ ಫೋರ್ತ್ ಅವೆನ್ಯೂ ಹತ್ತಿರ ನೋಡಿ, ಅಲ್ಲಿಂದ ಡೌನ್‌ಟೌನ್‌ಗೆ ಟ್ರಾಮ್ ಇದೆ. ಪದವಿ ಪ್ರದಾನದ ವಾರ ರೂಮು ಸಿಗುವುದು ಕಷ್ಟ. ಅದನ್ನು ಮಾತ್ರ ಇವತ್ತೇ ಮಗನಿಗೆ ಫೋನ್ ಮಾಡಿ ಬುಕ್ ಮಾಡಿಸಿ.