ಓದುಗರ ಪ್ರಶ್ನೆ, ನಮ್ಮ ಉತ್ತರ: ಬಾಂಬಿನ ಹಿಂದಿನ ಕಾಗದಗಳು

ಪ್ರಶ್ನೆ: ನಮ್ಮ ಅಜ್ಜ ಎರಡನೆಯ ಮಹಾಯುದ್ಧದಲ್ಲಿ ಬರ್ಮಾ ಕಡೆ ಇದ್ದವರು. ಅವರು ಮನೆಗೆ ಬರೆದ ಕಾಗದಗಳ ಒಂದು ಕಟ್ಟು ಈ ಮಳೆಗಾಲದಲ್ಲಿ ಅಟ್ಟದ ಟ್ರಂಕಿನೊಳಗೆ ಸಿಕ್ಕಿತು. ಕೆಲವದರಲ್ಲಿ ಊರಿನ ಹೆಸರಿದ್ದ ಜಾಗಕ್ಕೆ ಸೆನ್ಸಾರಿನವರು ಮಸಿ ಬಳಿದಿದ್ದಾರೆ. ಸಿಪಾಯಿ ತಾನಿರುವ ಊರಿನ ಹೆಸರನ್ನೂ ಬರೆಯುವಂತಿಲ್ಲದ ಕಾಲದಲ್ಲಿ ಐನ್‌ಸ್ಟೀನ್ ಬಾಂಬಿನ ಸಂಗತಿಯನ್ನೇ ಪತ್ರದಲ್ಲಿ ಬರೆದದ್ದು ಹೇಗೆ? ಆ ಒಂದು ಪತ್ರದಿಂದಲೇ ಅಣುಬಾಂಬ್ ತಯಾರಾಯಿತು ಎನ್ನುವುದು ನಿಜವೇ?
– ಓದುಗರೊಬ್ಬರು, ವಿರಾಜಪೇಟೆ ತಾಲ್ಲೂಕು

ಉತ್ತರ: ಐನ್‌ಸ್ಟೀನ್ ಸಹಿ ಹಾಕಿದ ಪತ್ರದ ತಾರೀಖು 1939ರ ಆಗಸ್ಟ್ 2. ಯುರೋಪಿನಲ್ಲಿ ಯುದ್ಧ ಶುರುವಾಗಲು ಆಗಿನ್ನೂ ಒಂದು ತಿಂಗಳಿತ್ತು. ಅಮೆರಿಕ ಯುದ್ಧಕ್ಕೆ ಇಳಿದದ್ದು ಎರಡು ವರ್ಷಗಳ ಮೇಲೆ. ಹೀಗಾಗಿ ಆ ಪತ್ರಕ್ಕೆ ಮಸಿ ಬಳಿಯುವ ಅಧಿಕಾರಿ ಯಾರೂ ಇರಲಿಲ್ಲ. ನಿಮ್ಮ ಎರಡನೆಯ ಪ್ರಶ್ನೆಗೆ ನನ್ನ ಉತ್ತರ ‘ಅಲ್ಲ’ ಎಂದೇ. ಅದಕ್ಕೆ ಕಾರಣವನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಪತ್ರದ ಹಿಂದಿದ್ದವರು ಹಂಗೇರಿಯಿಂದ ವಲಸೆ ಬಂದಿದ್ದ ಭೌತವಿಜ್ಞಾನಿ ಲಿಯೋ ಸಿಲಾರ್ಡ್. 1939ರ ಜುಲೈಯಲ್ಲಿ ಅವರು ಇನ್ನೊಬ್ಬ ಭೌತವಿಜ್ಞಾನಿ ಯೂಜೀನ್ ವಿಗ್ನರ್ ಜೊತೆ ಕಾರಿನಲ್ಲಿ ನ್ಯೂಯಾರ್ಕಿನ ಬಳಿಯ ಲಾಂಗ್ ಐಲೆಂಡಿಗೆ ಹೋದಾಗ, ಐನ್‌ಸ್ಟೀನ್ ಬೇಸಿಗೆಗೆಂದು ಹಿಡಿದಿದ್ದ ಬಾಡಿಗೆ ಮನೆ ಸಿಗದೆ ಸುತ್ತಾಡಿ, ಕೊನೆಗೆ ದಾರಿಬದಿಯಲ್ಲಿದ್ದ ಚಿಕ್ಕ ಹುಡುಗನೊಬ್ಬನನ್ನು ಕೇಳಿ ತಿಳಿದುಕೊಂಡರಂತೆ. ಮನೆ ಯಜಮಾನನ ಹೆಸರು ಹೇಳಿದರೆ ಯಾರಿಗೂ ಗೊತ್ತಾಗಲಿಲ್ಲ, ಐನ್‌ಸ್ಟೀನ್ ಎಂದರೆ ಹುಡುಗನಿಗೂ ಗೊತ್ತಿತ್ತು. ಯುರೇನಿಯಂನಲ್ಲಿ ಸರಪಳಿ ಕ್ರಿಯೆ (ಒಂದು ಪರಮಾಣು ಒಡೆದು, ಅದರಿಂದ ಮತ್ತಷ್ಟು ಒಡೆಯುತ್ತಾ ಹೋಗುವುದು) ನಡೆಯಬಹುದು ಎಂಬ ಆಲೋಚನೆ ಐನ್‌ಸ್ಟೀನರಿಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ಬೆಲ್ಜಿಯಂನ ಅಧೀನದಲ್ಲಿದ್ದ ಕಾಂಗೋದ ಯುರೇನಿಯಂ ಅದಿರು ಜರ್ಮನಿಯ ಕೈಗೆ ಬೀಳಬಾರದೆಂದು ಬೆಲ್ಜಿಯಂಗೆ ಎಚ್ಚರಿಕೆ ಕೊಡುವುದು ಮೊದಲಿನ ಉದ್ದೇಶವಾಗಿತ್ತು. ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟರಿಗೇ ಬರೆಯುವ ವಿಚಾರ ಬಂದದ್ದು ಆಮೇಲೆ.

ಈಗ ತಾರೀಖುಗಳನ್ನು ಗಮನಿಸಿ. ಆಗಸ್ಟ್ 2ರ ಪತ್ರವನ್ನು ಅಧ್ಯಕ್ಷರಿಗೆ ಮುಟ್ಟಿಸುವ ಹೊಣೆ ಹೊತ್ತವರು ಅವರ ಪರಿಚಯವಿದ್ದ ಅರ್ಥಶಾಸ್ತ್ರಜ್ಞ ಅಲೆಕ್ಸಾಂಡರ್ ಸ್ಯಾಕ್ಸ್. ನಡುವೆ ಯುದ್ಧ ಆರಂಭವಾಗಿ, ಸ್ಯಾಕ್ಸ್ ಅಧ್ಯಕ್ಷರೆದುರು ಕುಳಿತದ್ದು ಅಕ್ಟೋಬರ್ 11ರಂದು. ಅಲ್ಲಿಯೂ ಅವರು ಓದಿ ಹೇಳಿದ್ದು ಐನ್‌ಸ್ಟೀನರ ಪತ್ರವನ್ನಲ್ಲ, ತಾವೇ ಬರೆದುಕೊಂಡು ಹೋಗಿದ್ದ ಸಾರಾಂಶವನ್ನು. ಅದರ ಫಲವಾಗಿ ಯುರೇನಿಯಂ ಸಮಿತಿಯೊಂದು ರಚನೆಯಾಯಿತು, ಪ್ರಯೋಗಗಳಿಗೆ 6,000 ಡಾಲರ್ ಮಂಜೂರಾಯಿತು. ಮುಂದೆ ಸುಮಾರು ಇನ್ನೂರು ಕೋಟಿ ಡಾಲರ್ ನುಂಗಿದ ಯೋಜನೆಯ ಮುಂದೆ ಇದು ಅಂಗಡಿಯ ಚಿಲ್ಲರೆ ಲೆಕ್ಕ.

ಕೆಲಸವನ್ನು ನಿಜವಾಗಿ ಮುಂದಕ್ಕೆ ತಳ್ಳಿದ ಕಾಗದ ಬೇರೆಯೇ. 1940ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಭೌತವಿಜ್ಞಾನಿಗಳಾದ ಓಟೋ ಫ್ರಿಶ್ ಮತ್ತು ರುಡಾಲ್ಫ್ ಪೈಯರ್ಲ್ಸ್ ಬರೆದ ಕೆಲವೇ ಪುಟಗಳ ಟಿಪ್ಪಣಿ ಅದು. ಯುರೇನಿಯಂ-235 ಎಂಬ ಐಸೊಟೋಪನ್ನು (ಯುರೇನಿಯಂನದೇ ಸ್ವಲ್ಪ ಹಗುರವಾದ ಬಗೆಯನ್ನು) ಬೇರ್ಪಡಿಸಿದರೆ ಟನ್ನುಗಟ್ಟಲೆ ಬೇಡ, ಒಂದು ಪೌಂಡಿನ ಆಸುಪಾಸು ಸಾಕು ಎಂದು ಅವರು ಲೆಕ್ಕ ಹಾಕಿ ತೋರಿಸಿದರು. ಲೆಕ್ಕ ತೀರಾ ಕಡಿಮೆಯಾಗಿತ್ತು; ಹಿರೋಷಿಮಾದ ಬಾಂಬಿನಲ್ಲಿ ಸುಮಾರು 64 ಕಿಲೋ ಯುರೇನಿಯಂ ಇತ್ತು. ಆದರೂ ‘ಸಾಧ್ಯ’ ಎಂಬ ಮಾತನ್ನು ಅಂಕಿಗಳಲ್ಲಿ ಹೇಳಿದ ಮೊದಲ ಕಾಗದ ಅದೇ. ಐನ್‌ಸ್ಟೀನರ ಪತ್ರದಲ್ಲಾದರೋ, ಇಂಥ ಬಾಂಬ್ ವಿಮಾನಕ್ಕೆ ಭಾರವಾದೀತು, ದೋಣಿಯಲ್ಲಿ ಬಂದರಿಗೆ ಒಯ್ದು ಸಿಡಿಸಬೇಕಾದೀತು ಎಂಬ ಊಹೆಯಿತ್ತು. ಹಿರೋಷಿಮಾದ ಮೇಲೆ ಬಿದ್ದ ಬಾಂಬಿನ ಒಟ್ಟು ತೂಕ ಸುಮಾರು 4,400 ಕಿಲೋ. ನಮ್ಮ ಲೆಕ್ಕದಲ್ಲಿ ಐವತ್ತು ಕಿಲೋದ ಎಂಬತ್ತೆಂಟು ಚೀಲ ಕಾಫಿ. ಅಷ್ಟನ್ನು ವಿಮಾನ ಹೊತ್ತೇ ಹೋಯಿತು.

ಫ್ರಿಶ್ ಮತ್ತು ಪೈಯರ್ಲ್ಸ್ ಜರ್ಮನಿ-ಆಸ್ಟ್ರಿಯಾ ಕಡೆಯಿಂದ ಬಂದವರಾದ್ದರಿಂದ ಗುಟ್ಟಿನ ರೇಡಾರ್ ಕೆಲಸಕ್ಕೆ ಅವರನ್ನು ಸೇರಿಸಿಕೊಂಡಿರಲಿಲ್ಲ. ಆ ಬಿಡುವಿನಲ್ಲಿ ಅವರು ಅದಕ್ಕಿಂತ ದೊಡ್ಡ ಗುಟ್ಟಿಗೆ ಕೈಹಾಕಿದರು! ಅವರ ಟಿಪ್ಪಣಿಯ ಆಧಾರದ ಮೇಲೆ ಸಿದ್ಧವಾದ ಬ್ರಿಟಿಷ್ ವರದಿಗಳು ಅಮೆರಿಕಕ್ಕೆ ಹೋದವು, ಉತ್ತರವೇ ಬರಲಿಲ್ಲ. 1941ರ ಆಗಸ್ಟ್‌ನಲ್ಲಿ ಬರ್ಮಿಂಗ್‌ಹ್ಯಾಮಿನ ಭೌತವಿಜ್ಞಾನಿ ಮಾರ್ಕ್ ಆಲಿಫಂಟ್ ಖುದ್ದಾಗಿ ಹೋಗಿ ವಿಚಾರಿಸಿದಾಗ, ಯುರೇನಿಯಂ ಸಮಿತಿಯ ಅಧ್ಯಕ್ಷ ಲೈಮನ್ ಬ್ರಿಗ್ಸ್ ಆ ವರದಿಗಳನ್ನು ಸದಸ್ಯರಿಗೆ ತೋರಿಸದೆ ತಿಜೋರಿಯಲ್ಲಿಟ್ಟು ಬೀಗ ಹಾಕಿದ್ದು ಗೊತ್ತಾಯಿತು. ಆಲಿಫಂಟ್ ಊರೂರು ಸುತ್ತಿ ಬಾಯಿಮಾತಿನಲ್ಲಿ ಹೇಳಿದ ಮೇಲೆಯೇ ಅಲ್ಲಿ ಕೆಲಸ ಚುರುಕಾದದ್ದು.

ಪ್ರಶ್ನೆ: ಯುದ್ಧ ನಡೆಯುತ್ತಿದ್ದಾಗ ಬೇರೆ ಬೇರೆ ದೇಶಗಳ ವಿಜ್ಞಾನಿಗಳು ಪತ್ರ ವ್ಯವಹಾರವನ್ನು ಹೇಗೆ ನಡೆಸಿದರು? ಸಂಕೇತ ಭಾಷೆಯೇನಾದರೂ ಇತ್ತೇ?
– ಬಿ.ಎಸ್ಸಿ. ವಿದ್ಯಾರ್ಥಿನಿ, ಗೋಣಿಕೊಪ್ಪಲು

ಉತ್ತರ: ಇತ್ತು, ಸಂಕೇತವೇ ಅಲ್ಲದ್ದನ್ನು ಸಂಕೇತವೆಂದು ಓದಿಕೊಂಡದ್ದೂ ಉಂಟು. 1940ರಲ್ಲಿ ಜರ್ಮನ್ ಸೈನ್ಯ ಡೆನ್ಮಾರ್ಕನ್ನು ಆಕ್ರಮಿಸಿದಾಗ, ಅಲ್ಲಿನ ಭೌತವಿಜ್ಞಾನಿ ನೀಲ್ಸ್ ಬೋರ್ ದಂಪತಿ ಕ್ಷೇಮವಾಗಿದ್ದಾರೆಂದು ಭೌತವಿಜ್ಞಾನಿ ಲೀಸ್ ಮೈಟ್ನರ್ ಕಳುಹಿಸಿದ ತಂತಿಯ ಕೊನೆಯಲ್ಲಿ, ಬ್ರಿಟಿಷ್ ವಿಜ್ಞಾನಿ ಕಾಕ್‌ಕ್ರಾಫ್ಟರಿಗೂ ‘ಮಾಡ್ ರೇ ಕೆಂಟ್’ಗೂ ತಿಳಿಸಿ ಎಂಬ ಮಾತಿತ್ತು. ಇಂಗ್ಲೆಂಡಿನ ಪಂಡಿತರು ಆ ಮೂರು ಪದಗಳ ಅಕ್ಷರಗಳನ್ನು ಹಿಂದುಮುಂದು ಮಾಡಿ, ಜರ್ಮನರು ರೇಡಿಯಂ ವಶಪಡಿಸಿಕೊಂಡಿದ್ದಾರೆ ಎಂಬ ಅರ್ಥ ಹೊರಡಿಸಲು ಹೆಣಗಿದರು. ನಿಜಕ್ಕೂ ಮಾಡ್ ರೇ ಎಂಬಾಕೆ ಬೋರ್ ಮಕ್ಕಳಿಗೆ ಹಿಂದೆ ಇಂಗ್ಲಿಷ್ ಕಲಿಸಿದ್ದವರು, ಕೆಂಟ್ ಅವರ ಊರಿರುವ ಜಿಲ್ಲೆ. ಗುಟ್ಟಾಗಿ ಕೇಳಲಿ ಎಂದು ಬ್ರಿಟನ್ನಿನ ಬಾಂಬ್ ಸಮಿತಿಗೆ ‘ಮಾಡ್’ ಎಂಬ ಹೆಸರನ್ನೇ ಇಟ್ಟರು.

1943ರ ಜನವರಿಯಲ್ಲಿ ಬ್ರಿಟಿಷ್ ಭೌತವಿಜ್ಞಾನಿ ಜೇಮ್ಸ್ ಚಾಡ್ವಿಕ್ ಬೋರ್‌ಗೆ ಕಳುಹಿಸಿದ ಆಹ್ವಾನ ಇನ್ನೂ ಸೊಗಸಾದ ದಾರಿ ಹಿಡಿಯಿತು. ಪತ್ರವನ್ನು ಸೂಜಿಯ ಮೊನೆಯಷ್ಟಕ್ಕೆ ಕುಗ್ಗಿಸಿ ಛಾಯಾಚಿತ್ರ ತೆಗೆದು, ಬೀಗದ ಕೈಗಳಲ್ಲಿ ಸಣ್ಣ ತೂತು ಕೊರೆದು ಅದರೊಳಗಿಟ್ಟು, ಮೇಲೆ ಮುಚ್ಚಿ, ಕೀ ಗೊಂಚಲನ್ನು ಡ್ಯಾನಿಷ್ ಗುಪ್ತದಳದವರ ಕೈಯಲ್ಲಿ ಮುಟ್ಟಿಸಿದರು. ತಾನು ದೇಶದಲ್ಲೇ ಉಳಿಯುವುದು ಕರ್ತವ್ಯವೆಂದು ಬೋರ್ ಉತ್ತರಿಸಿದರು. ಆದರೆ ಬಂಧನದ ಸುಳಿವು ಸಿಕ್ಕಿದ್ದರಿಂದ ಅದೇ ವರ್ಷ ಸ್ವೀಡನ್ನಿಗೆ ತಪ್ಪಿಸಿಕೊಂಡು ಹೋಗಬೇಕಾಯಿತು.

ನನ್ನನ್ನು ಕೇಳಿದರೆ, ಈ ಕಾಲದಲ್ಲಿ ಎಲ್ಲಕ್ಕಿಂತ ಹೆಚ್ಚು ಮಾತಾಡಿದ್ದು ಬಾರದೆ ಹೋದ ಪತ್ರ. ಸೋವಿಯತ್ ಒಕ್ಕೂಟದ ಭೌತವಿಜ್ಞಾನಿ ಗಿಯೋರ್ಗಿ ಫ್ಲೆರೋವ್ ಸಹೋದ್ಯೋಗಿಯೊಂದಿಗೆ ಸೇರಿ, ಯುರೇನಿಯಂ ತಾನಾಗಿಯೇ ವಿದಳನಗೊಳ್ಳುತ್ತದೆಂದು (ಅದರ ಪರಮಾಣು ಒಡೆಯುತ್ತದೆಂದು) 1940ರಲ್ಲಿ ಕಂಡುಹಿಡಿದು ಅಮೆರಿಕದ ಪತ್ರಿಕೆಯಲ್ಲಿ ಪ್ರಕಟಿಸಿದ್ದರು. ಯಾರೂ ಪ್ರತಿಕ್ರಿಯಿಸಲಿಲ್ಲ. 1942ರಲ್ಲಿ, ವಾಯುಪಡೆಯ ಲೆಫ್ಟಿನೆಂಟಾಗಿದ್ದ ಅವರು ವೊರೊನೆಜ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಬ್ರಿಟನ್ ಮತ್ತು ಅಮೆರಿಕದ ಪತ್ರಿಕೆಗಳನ್ನು ತಿರುವಿ ನೋಡಿದರೆ, ತಮ್ಮ ಲೇಖನದ ಪ್ರಸ್ತಾಪವಂತೂ ಇಲ್ಲ, ವಿದಳನದ ಕುರಿತ ಲೇಖನಗಳೇ ಇಲ್ಲ. ಆ ವಿಷಯದ ದೊಡ್ಡ ಹೆಸರುಗಳೂ ಪುಟಗಳಿಂದ ಮಾಯವಾಗಿವೆ. ಇವರೆಲ್ಲ ಬಾಂಬಿನ ಕೆಲಸದಲ್ಲಿದ್ದಾರೆ ಎಂದು ಊಹಿಸಿ, ಆ ಏಪ್ರಿಲ್‌ನಲ್ಲಿ ಅವರು ನೇರವಾಗಿ ಸ್ಟಾಲಿನ್‌ಗೇ ಪತ್ರ ಬರೆದರು. ಸೋವಿಯತ್ ಯೋಜನೆಗೆ ಗೂಢಚಾರರ ಮಾಹಿತಿಯೇ ಹೆಚ್ಚು ನೆರವಾಯಿತೆಂಬುದನ್ನು ಒಪ್ಪಬೇಕು. ಆದರೂ ವಿರಾಜಪೇಟೆಯ ಓದುಗರ ಅಜ್ಜನ ಕಾಗದದ ಮಸಿಯ ಕಲೆಯಂತೆ, ಮುಚ್ಚಿದ ಜಾಗವೇ ಅಲ್ಲೇನೋ ಇದೆಯೆಂದು ಸಾರಿ ಹೇಳಿತ್ತು.

ಪ್ರಶ್ನೆ: ಬಾಂಬ್ ತಯಾರಿಸುತ್ತಿದ್ದವರು ಮನೆಯವರಿಗೆ ಏನೆಂದು ಬರೆಯುತ್ತಿದ್ದರು? ಬೇಡವೆಂದು ಯಾರೂ ಬರೆಯಲಿಲ್ಲವೇ?
– ನಿವೃತ್ತ ಶಿಕ್ಷಕರು, ಸೋಮವಾರಪೇಟೆ

ಉತ್ತರ: ಅಮೆರಿಕದಲ್ಲಿ ಬಾಂಬ್ ತಯಾರಾಗುತ್ತಿದ್ದ ಲಾಸ್ ಅಲಮೋಸ್ ಎಂಬ ಊರಿನ ಹೆಸರೇ ವಿಳಾಸದಲ್ಲಿ ಬರುವಂತಿರಲಿಲ್ಲ, ಎಲ್ಲ ಟಪಾಲೂ ಸಾಂಟಾ ಫೆಯ ಅಂಚೆಪೆಟ್ಟಿಗೆ 1663ಕ್ಕೆ. ಅಲ್ಲಿ ಹುಟ್ಟಿದ ಶಿಶುಗಳ ಜನನಪತ್ರದಲ್ಲೂ ಜನ್ಮಸ್ಥಳ ಅದೇ ಪೆಟ್ಟಿಗೆ. ಕ್ಷಯದಿಂದ ಆಲ್ಬುಕರ್ಕಿಯ ಆಸ್ಪತ್ರೆಯಲ್ಲಿದ್ದ ಆರ್ಲೀನ್, ಲಾಸ್ ಅಲಮೋಸಿನಲ್ಲಿ ಕೆಲಸಕ್ಕಿದ್ದ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ನರ ಪತ್ನಿ, ಗಂಡನ ಬೇಸರ ಕಳೆಯಲೆಂದು ಪತ್ರವನ್ನು ಚೂರು ಚೂರು ಮಾಡಿ ಜೋಡಿಸುವ ಆಟದಂತೆ ಕಳುಹಿಸಿದಾಗ, ಆಟವಾಡಲು ತಮಗೆ ಪುರುಸೊತ್ತಿಲ್ಲವೆಂದು ಸೆನ್ಸಾರಿನವರು ಆಕ್ಷೇಪಿಸಿದರಂತೆ.

ಬೇಡವೆಂದು ಬರೆದವರಲ್ಲಿ ಮುಂದಾಳು ಅದೇ ಸಿಲಾರ್ಡ್. 1945ರ ಮಾರ್ಚ್ 25ರಂದು ಐನ್‌ಸ್ಟೀನ್, ಸಿಲಾರ್ಡರನ್ನು ಭೇಟಿ ಮಾಡಬೇಕೆಂದು ರೂಸ್‌ವೆಲ್ಟರಿಗೆ ಇನ್ನೊಂದು ಪತ್ರ ಬರೆದರು. ಅದನ್ನು ಓದುವ ಮೊದಲೇ, ಏಪ್ರಿಲ್ 12ರಂದು, ಅಧ್ಯಕ್ಷರು ತೀರಿಕೊಂಡರು. ಜುಲೈ 17ರಂದು ಎಪ್ಪತ್ತು ಜನರ ಸಹಿಯೊಂದಿಗೆ ಸಿಲಾರ್ಡ್ ಹೊರಡಿಸಿದ ಮನವಿಯೂ ಹೊಸ ಅಧ್ಯಕ್ಷ ಟ್ರೂಮನ್ ಕೈಸೇರುವ ಮುನ್ನವೇ, ಹಿರೋಷಿಮಾದ ಮೇಲೆ ಬಾಂಬ್ ಬಿದ್ದ ಆಗಸ್ಟ್ 6 ಬಂದುಬಿಟ್ಟಿತ್ತು.

ವಿರಾಜಪೇಟೆಯ ಓದುಗರಿಗೆ ಇನ್ನೊಂದು ಮಾತು. ಟ್ರಂಕಿನ ಕಾಗದಗಳನ್ನು ಲ್ಯಾಮಿನೇಟ್ ಮಾಡಿಸಬೇಡಿ, ಬೂಷ್ಟು ಹಿಡಿದಿದ್ದರೆ ಬಿಸಿಲಿಗೆ ಹರಡದೆ ನೆರಳಿನಲ್ಲಿ ಗಾಳಿಗೆ ಆರಿಸಿ. ಕಾಗದವನ್ನಷ್ಟೇ ಇಟ್ಟುಕೊಂಡು ಲಕೋಟೆಯನ್ನು ಎಸೆಯಬೇಡಿ. ಬರೆದ ತಾರೀಖು ಒಳಗಿರುತ್ತದೆ. ಸೈನ್ಯದ ಅಂಚೆಯಿಂದ ಯಾವತ್ತು ಹೊರಟಿತು, ನಿಮ್ಮೂರಿಗೆ ಯಾವತ್ತು ಬಂತು ಎಂಬುದನ್ನು ಹೇಳುವ ಮುದ್ರೆಗಳಿದ್ದರೆ ಅವು ಲಕೋಟೆಯ ಮೇಲೆಯೇ ಇರುತ್ತವೆ.