ಫಿಲ್ಟರ್ ಬಿಚ್ಚುವ ಮೊದಲು ಒಂದು ಉಪ್ಪಿನಕಾಯಿ ಬಾಟಲಿ ಹುಡುಕಿ

ಪ್ರಶ್ನೆ: ನನ್ನದು 2012ರ ಡೀಸೆಲ್ ಕಾರು. ಉಡುಪಿಯಿಂದ ವಾಪಸ್ ಬರುವಾಗ ಆಗುಂಬೆ ಘಾಟಿಯಲ್ಲಿ ಎಳೆಯುವುದೇ ಇಲ್ಲ. ಬೆಳಿಗ್ಗೆ ಮೂರು ಸಲ ಕೀ ತಿರುಗಿಸಿದ ಮೇಲೆ ಸ್ಟಾರ್ಟ್ ಆಗುತ್ತದೆ. ಫ್ಯೂಯಲ್ ಫಿಲ್ಟರ್ ಮನೆಯಲ್ಲೇ ಬದಲಿಸಬಹುದಾ? ಹಳೆಯದನ್ನೇ ತೊಳೆದು ಹಾಕಿದರೆ ಆಗಲ್ವಾ?
- ಓದುಗರು, ತೀರ್ಥಹಳ್ಳಿ

ಉತ್ತರ: ತೊಳೆಯುವ ಯೋಚನೆ ಬಿಡಿ. ಒಳಗಿರುವುದು ಮಡಿಕೆ ಮಡಿಕೆಯ ಕಾಗದ. ತೊಳೆದರೆ ಕೊಳೆ ಪೂರ್ತಿ ಹೋಗುವುದಿಲ್ಲ, ಕಾಗದ ಮಾತ್ರ ಹಾಳಾಗುತ್ತದೆ. ಹೊಸದನ್ನು ನೀವೇ ಹಾಕಬಹುದು.

ಎಂಜಿನ್ ಪೂರ್ತಿ ತಣ್ಣಗಾಗಲಿ. ಬ್ಯಾಟರಿಯ ನೆಗೆಟಿವ್ ವೈರ್ ತೆಗೆಯಿರಿ. ಹತ್ತಿರ ಬೀಡಿ, ಬೆಂಕಿ ಬೇಡ. ಬಹಳಷ್ಟು ಡೀಸೆಲ್ ಕಾರುಗಳಲ್ಲಿ ಫಿಲ್ಟರಿನ ತಳದಲ್ಲಿ ನೀರು ಬಿಡುವ ಒಂದು ಸ್ಕ್ರೂ ಇರುತ್ತದೆ. ಮೊದಲು ಅದನ್ನು ಸಡಿಲಿಸಿ, ಬರುವುದನ್ನು ಉಪ್ಪಿನಕಾಯಿಯ ಗಾಜಿನ ಬಾಟಲಿಗೆ ಹಿಡಿಯಿರಿ. ಕಾಲು ಗಂಟೆ ಅಲುಗಾಡಿಸದೆ ಇಡಿ. ಡೀಸೆಲ್ ನೀರಿಗಿಂತ ಹಗುರ, ಹಾಗಾಗಿ ನೀರಿದ್ದರೆ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ. ನಿಮ್ಮ ಕಡೆಯ ಮಳೆಗೆ, ಅದರಲ್ಲೂ ಅರ್ಧ ಟ್ಯಾಂಕಿನಲ್ಲಿ ವಾರಗಟ್ಟಲೆ ಗಾಡಿ ನಿಲ್ಲಿಸಿದರೆ, ಸ್ವಲ್ಪ ನೀರು ಸಿಗುವುದು ಸಹಜ.

ಪೈಪು ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೋ ಹೊಡೆದುಕೊಳ್ಳಿ. ಯಾವುದು ಒಳಗೆ, ಯಾವುದು ಹೊರಗೆ ಎಂದು ಆಮೇಲೆ ನೆನಪಿರುವುದಿಲ್ಲ. ತಳದ ನೀರಿನ ಸೆನ್ಸರನ್ನು ಹಳೆಯದರಿಂದ ಬಿಚ್ಚಿ ಹೊಸದಕ್ಕೆ ಹಾಕಬೇಕಾಗಬಹುದು. ಅದು ಪ್ಲಾಸ್ಟಿಕ್, ಜೋರು ಮಾಡಬೇಡಿ. ರಬ್ಬರ್ ರಿಂಗಿಗೆ ಎರಡು ಹನಿ ಶುದ್ಧ ಡೀಸೆಲ್ ಸವರಿ.

ಇಲ್ಲಿಯವರೆಗೆ ಅರ್ಧ ಗಂಟೆಯ ಕೆಲಸ. ಜನ ಸೋಲುವುದು ಇದರ ನಂತರ, ಫಿಲ್ಟರ್ ಬಿಚ್ಚಿದಾಗ ಪೈಪಿನೊಳಗೆ ಸೇರಿದ ಗಾಳಿ ತೆಗೆಯುವಾಗ. ನಾನು ಕೆಲಸ ಕಲಿಯುತ್ತಿದ್ದಾಗ ಮದುವೆ ದಿಬ್ಬಣದ ಜೀಪಿಗೆ ಫಿಲ್ಟರ್ ಹಾಕಿ, ಸೀದಾ ಸೆಲ್ಫ್ ಹೊಡೆದೆ. ಬ್ಯಾಟರಿ ಸತ್ತುಹೋಯಿತು. ಹುಡುಗನ ಮಾವಂದಿರು ಪಂಚೆ ಎತ್ತಿ ಕಟ್ಟಿ ತಳ್ಳಿದರೂ ಪ್ರಯೋಜನವಾಗಲಿಲ್ಲ. ಕೊನೆಗೆ ಒಬ್ಬ ಮುದುಕ ಡ್ರೈವರ್ ಬಂದು, ಏನೂ ಮಾತಾಡದೆ, ಫಿಲ್ಟರಿಗೆ ಡೀಸೆಲ್ ತುಂಬಿಸುವ ಕೈ ಪಂಪನ್ನು ಐದು ನಿಮಿಷ ಒತ್ತಿದ. ಬೇರೆ ಬ್ಯಾಟರಿ ಹಾಕಿದೊಡನೆ ಗಾಡಿ ಎದ್ದಿತು.

ಹಾಗಾಗಿ ನಿಮ್ಮ ಗಾಡಿಯಲ್ಲಿ ಕೈ ಪಂಪ್ ಇದ್ದರೆ, ಅದು ಗಟ್ಟಿಯಾಗುವವರೆಗೂ ಒತ್ತಿ. ಟ್ಯಾಂಕಿನಲ್ಲಿ ಎಲೆಕ್ಟ್ರಿಕ್ ಪಂಪ್ ಇದ್ದರೆ ಬ್ಯಾಟರಿ ವೈರ್ ಮತ್ತೆ ಹಾಕಿ, ಸ್ಟಾರ್ಟ್ ಮಾಡದೆ ನಾಲ್ಕೈದು ಸಲ ಕೀ ಆನ್ ಆಫ್ ಮಾಡಿ. ಆಮೇಲೆ ಸ್ಟಾರ್ಟರ್ ಹೊಡೆಯಿರಿ, ಒಂದೇ ಸಲಕ್ಕೆ 10 ಸೆಕೆಂಡಿಗಿಂತ ಜಾಸ್ತಿ ಬೇಡ. ಯಾರೋ ಹೇಳಿದರು ಎಂದು ಇಂಜೆಕ್ಟರಿನ ಉಕ್ಕಿನ ಪೈಪಿನ ನಟ್ಟು ಮಾತ್ರ ಮುಟ್ಟಬೇಡಿ. ಎಂಜಿನ್ ಓಡುವಾಗ ಅಲ್ಲಿನ ಒತ್ತಡ ಸಾವಿರ ಬಾರ್ ದಾಟುತ್ತದೆ, ಸಣ್ಣಗೆ ಚಿಮ್ಮಿದ ಡೀಸೆಲ್ ಚರ್ಮದೊಳಗೇ ನುಗ್ಗುತ್ತದೆ.

ಅಂದಹಾಗೆ, ನಿಮ್ಮ ಪಕ್ಕದ ಮನೆಯವರ ಕಾರು ಪೆಟ್ರೋಲಾದರೆ ಈ ಉತ್ತರ ಅವರಿಗಲ್ಲ. ಈಗಿನ ಹೆಚ್ಚಿನ ಪೆಟ್ರೋಲ್ ಕಾರುಗಳಲ್ಲಿ ಫಿಲ್ಟರ್ ಟ್ಯಾಂಕಿನೊಳಗೆ ಪಂಪಿನ ಜೊತೆಗೇ ಇರುತ್ತದೆ. ಅದು ಮನೆಯಲ್ಲಿ ಮಾಡುವ ಕೆಲಸವಲ್ಲ.

ಬಾಟಲಿಯ ತಳದಲ್ಲಿ ಒಂದು ಬೆರಳು ನೀರು ಕಂಡರೆ ಟ್ಯಾಂಕನ್ನೇ ತೊಳೆಸಬೇಕು, ಇಲ್ಲದಿದ್ದರೆ ಹೊಸ ಫಿಲ್ಟರಿಗೂ ಅದೇ ಗತಿ. ನೀರೂ ಇಲ್ಲ, ಫಿಲ್ಟರೂ ಹೊಸದು, ಆದರೂ ಘಾಟಿಯಲ್ಲಿ ಎಳೆಯುತ್ತಿಲ್ಲ ಅಂದರೆ ಎಂಜಿನ್ನಿಗೆ ಗಾಳಿ ತಳ್ಳುವ ಟರ್ಬೋದ ಪೈಪ್ ಸೀಳಿದೆಯಾ ನೋಡಿಸಿ. ಹಳೆಯ ಡೀಸೆಲನ್ನು ತೋಟಕ್ಕೆ ಚೆಲ್ಲಬೇಡಿ, ಗ್ಯಾರೇಜಿನವರಿಗೆ ಕೊಡಿ.