ಬಣ್ಣದ ನೀರಿಗೆ ಸೀಗಡಿ ಸಿಪ್ಪೆಯ ಪುಡಿ ಕೆಲಸ ಮಾಡುತ್ತಾ?

ನೂಲಿಗೆ ಬಣ್ಣ ಹಾಕಿದ ಮೇಲೆ ಉಳಿಯುವ ನೀರಿನ ಬಣ್ಣ ತೆಗೆಯೋಕೆ ಕೈಟೋಸಾನ್ (ಸೀಗಡಿ ಸಿಪ್ಪೆಯಿಂದ ಮಾಡುವ ಪುಡಿ) ಹಾಕಬಹುದಾ, ಇಲ್ಲಾ ಊರಲ್ಲೇ ಸಿಗುವ ಕಬ್ಬಿನ ಸಿಪ್ಪೆ ಸಾಕಾ ಅಂತ ಕೇಳಿದ್ದೀರಿ. ಕೈಟೋಸಾನ್ ಕೆಲಸ ಮಾಡುತ್ತದೆ. ಆದರೆ ತಂದು ಸೀದಾ ಸುರಿದರೆ ಮಾಡಲ್ಲ. ನಾನು ಸುರಿದು ನೋಡಿದ್ದೇನೆ.

ಬನಹಟ್ಟಿಯಲ್ಲಿ ನಮ್ಮ ಕಾಕಾ ನೂಲಿಗೆ ಬಣ್ಣ ಹಾಕುತ್ತಾರೆ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಅಂತ ಅವರ ಹತ್ತಿರ ಐದು ಲೀಟರ್ ಕೆಂಪು ನೀರು ಕ್ಯಾನಿನಲ್ಲಿ ತುಂಬಿಕೊಂಡು ಬಸ್ಸಿನಲ್ಲಿ ಬೆಳಗಾವಿಗೆ ಒಯ್ದಿದ್ದೆ. ಕಂಡಕ್ಟರ್ ಎರಡು ಸಲ ಮುಚ್ಚಳ ತೆಗೆಸಿ ನೋಡಿದರು! ಕೈಟೋಸಾನ್ ಅಂದರೆ ಸೀಗಡಿ, ಏಡಿ ಚಿಪ್ಪಿನ ಕೈಟಿನ್ ಅನ್ನು ಗಟ್ಟಿ ಕಾಸ್ಟಿಕ್ ಸೋಡಾದಲ್ಲಿ ಕಾಯಿಸಿ ಮಾಡಿದ ಪಾಲಿಮರ್. ಬರೀ ನೀರಿನಲ್ಲಿ ಕರಗಲ್ಲ. 100 ಮಿಲಿ ನೀರಿಗೆ 1 ಮಿಲಿ ಅಸಿಟಿಕ್ ಆಸಿಡ್, ಅದಕ್ಕೆ 1 ಗ್ರಾಂ ಪುಡಿ ಹಾಕಿ ರಾತ್ರಿಯಿಡೀ ಬಿಟ್ಟರೆ ಬೆಳಿಗ್ಗೆ ಗಂಜಿ ತಿಳಿಯ ಹಾಗೆ ಆಗಿರುತ್ತದೆ. ಅದನ್ನು ಕೆಂಪು ನೀರಿಗೆ ಹಾಕಿದ್ದೇ ತಡ, ಒಡೆದ ಹಾಲಿನಂತೆ ಎಳೆ ಎಳೆಯಾಗಿ ತಳ ಸೇರಿತು. ನೀರು ಮಾತ್ರ ಹಾಗೇ ಕೆಂಪು.

ಪಿಎಚ್ ಪೇಪರ್ ಅದ್ದಿ ನೋಡಿದರೆ 10, ಅಂದರೆ ನೀರು ಕ್ಷಾರ (7ಕ್ಕಿಂತ ಕೆಳಗಿದ್ದರೆ ಆಮ್ಲ). ಹತ್ತಿ ನೂಲಿಗೆ ಹಾಕುವ ರಿಯಾಕ್ಟಿವ್ ಬಣ್ಣ ಕಚ್ಚಲಿ ಅಂತ ಸೋಡಾ ಆ್ಯಶ್ ಅನ್ನೋ ಕ್ಷಾರ ಹಾಕಿರುತ್ತಾರಲ್ವಾ, ಅದರ ಪ್ರತಾಪ. ಈ ಬಣ್ಣಗಳಿಗೆ ಮೈನಸ್ ಚಾರ್ಜ್. ಕೈಟೋಸಾನಿನ ಅಮೈನ್ ಗುಂಪಿಗೆ (ಅದರಲ್ಲಿ ಸಾರಜನಕ ಇರುವ ಭಾಗಕ್ಕೆ) ಪ್ಲಸ್ ಚಾರ್ಜ್ ಬಂದರೆ ಮಾತ್ರ ಅದು ಬಣ್ಣವನ್ನು ಹಿಡಿಯೋದು, ಅದಕ್ಕೆ ಪಿಎಚ್ ಸುಮಾರು 6.5ಕ್ಕಿಂತ ಕೆಳಗೆ ಇರಬೇಕು. ಎರಡನೇ ಬಾಟಲಿಗೆ ಮೊದಲು ಹನಿ ಹನಿಯಾಗಿ ಆಸಿಡ್ ಹಾಕಿ 5.5ಕ್ಕೆ ಇಳಿಸಿದೆ, ನೊರೆ ಉಕ್ಕಿ ಟೇಬಲ್ ಮೇಲೆ ಚೆಲ್ಲಿತು, ಆಮೇಲೆ ಅದೇ ಗಂಜಿ ಹಾಕಿ ಕಲಕಿದೆ. ಐದು ನಿಮಿಷಕ್ಕೆ ಕುಂಕುಮದಂಥ ಕಣಗಳು ಕಾಣಿಸಿದವು. ಅರ್ಧ ಗಂಟೆಗೆ ಮೇಲೆ ತಿಳಿ ಗುಲಾಬಿ ನೀರು, ಕೆಳಗೆ ಕೆಂಪು ಮಡ್ಡಿ. ಖುಷಿಗೆ ಮೂರನೇ ಬಾಟಲಿಗೆ ಜಾಸ್ತಿ ಹಾಕಿದೆ. ಅದು ಕದಡಿಕೊಂಡೇ ನಿಂತಿತು. ಪ್ಲಸ್ ಜಾಸ್ತಿಯಾದರೆ ಕಣಗಳು ಒಂದನ್ನೊಂದು ದೂಡುತ್ತವೆ, ಕೂಡಿಕೊಂಡು ತಳಕ್ಕೆ ಇಳಿಯಲ್ಲ. ಅದಕ್ಕೇ ಎಷ್ಟು ಹಾಕಬೇಕು ಅನ್ನೋದನ್ನು ನಿಮ್ಮ ನೀರಿನಲ್ಲೇ, ನಾಲ್ಕೈದು ಬಾಟಲಿಗೆ ಬೇರೆ ಬೇರೆ ಅಳತೆ ಹಾಕಿ ನೋಡಬೇಕು.

ಇನ್ನು ಕಬ್ಬಿನ ಸಿಪ್ಪೆ. ಅದು 95 ಪರ್ಸೆಂಟ್ ಬಣ್ಣ ತೆಗೆಯಿತು, 98 ತೆಗೆಯಿತು ಅಂತ ಸಂಶೋಧನಾ ಪೇಪರುಗಳಲ್ಲಿ ಬರೆದಿದ್ದರೆ ಯಾವ ಬಣ್ಣ ಅಂತ ಮೊದಲು ನೋಡಿ. ಬಹಳ ಸಲ ಮಿಥಿಲೀನ್ ಬ್ಲೂ ಇರುತ್ತದೆ. ಅದು ಪ್ಲಸ್ ಬಣ್ಣ, ಸಿಪ್ಪೆಯ ಮೈ ಮೈನಸ್, ಅಂಟಿಕೊಳ್ಳದೆ ಏನು ಮಾಡೀತು? ನಮ್ಮಲ್ಲಿ ನೂಲಿಗೆ ಮಿಥಿಲೀನ್ ಬ್ಲೂ ಯಾರು ಹಾಕುತ್ತಾರೆ? ಏನೂ ಸಂಸ್ಕರಿಸದ ಸಿಪ್ಪೆಗೆ ಮೈನಸ್ ಚಾರ್ಜಿನ ರಿಯಾಕ್ಟಿವ್ ಬಣ್ಣ ಅಷ್ಟಾಗಿ ಹತ್ತಲ್ಲ. ಸಮುದ್ರದ ಪಾಚಿಯಿಂದ ಬರುವ ಆಲ್ಜಿನೇಟ್ ಕೂಡ ಮೈನಸ್ಸೇ. ಲೋಹಕ್ಕೆ ಲೇಪ ಹಾಕುವ (ಪ್ಲೇಟಿಂಗ್) ಕಡೆಯ ನೀರಿನ ತಾಮ್ರ, ನಿಕ್ಕಲ್ ಹಿಡಿಯೋಕೆ ಅದು ಸರಿ, ನಿಮಗೆ ಬೇಡ.

ಒಂದು ವಿಷಯ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಬಣ್ಣ ಹೋಯಿತು ಅಂದರೆ ನೀರು ಶುದ್ಧವಾಯಿತು ಅಂತಲ್ಲ. ಬಣ್ಣ ಹಾಕುವಾಗ ಸುರಿದ ಉಪ್ಪನ್ನು ಕೈಟೋಸಾನ್ ಮುಟ್ಟೋದೇ ಇಲ್ಲ. ತಿಳಿಯಾಗಿದೆಯಲ್ಲ ಅಂತ ಹೊಲಕ್ಕೆ ಬಿಡಬೇಡಿ, ನಮ್ಮ ಕಡೆ ಕಬ್ಬಿನ ಹೊಲಗಳು ಮೊದಲೇ ಸವಳು-ಜವಳಾಗಿವೆ. ಮಡ್ಡಿಯೂ ಅಷ್ಟೇ, ಬಣ್ಣ ಎಲ್ಲೂ ಮಾಯ ಆಗಿಲ್ಲ, ಅದರೊಳಗೇ ಕೂತಿದೆ. ಒಣಗಿಸಿ ಚೀಲಕ್ಕೆ ತುಂಬಿ, ಅಪಾಯಕಾರಿ ತ್ಯಾಜ್ಯ ತೆಗೆದುಕೊಳ್ಳುವವರಿಗೇ ಕೊಡಬೇಕು. ತಿಪ್ಪೆಗೆ ಹಾಕಿದರೆ ಮಳೆಗೆ ಮತ್ತೆ ಬಿಟ್ಟುಕೊಳ್ಳುತ್ತದೆ.

ಕಾಕಾ ಈಗ ಮೊದಲ ತೊಳೆತದ ಗಾಢ ನೀರನ್ನಷ್ಟೇ ಬೇರೆ ತೊಟ್ಟಿಗೆ ಬಿಟ್ಟು ಅದಕ್ಕೆ ಮಾತ್ರ ಕೈಟೋಸಾನ್ ಹಾಕುತ್ತಾರೆ. ಕೊನೆಯ ತೊಳೆತದ ನೀರು ಮುಂದಿನ ಲಡಿಗಳ ಮೊದಲ ತೊಳೆತಕ್ಕೆ ಬರುತ್ತದೆ. ಪುಡಿ ತುಟ್ಟಿ, ಎಲ್ಲಾ ನೀರಿಗೂ ಹಾಕಿದರೆ ಲೆಕ್ಕ ಕೂಡಲ್ಲ.

ನಿಮ್ಮದು ವ್ಯಾಟ್ ಬಣ್ಣ (ಇಂಡಿಗೋ ತರಹದ್ದು) ಆಗಿದ್ದರೆ ಇದೆಲ್ಲ ಬೇರೆಯೇ ಆಗುತ್ತದೆ, ಗಾಳಿ ತಾಗಿದರೆ ಅದು ನೀರಿನಲ್ಲಿ ಕರಗಿ ನಿಲ್ಲಲ್ಲ. ಡಬ್ಬಿಯ ಮೇಲೆ ಏನು ಬರೆದಿದೆ ಅಂತ ಕೆಳಗೆ ಹಾಕಿ, ನೋಡಿ ಹೇಳುತ್ತೇನೆ.